ಬಂದೂಕು ಇಟ್ಟವರ ಮುಂದಿನ ಕೆಲಸ: ಒಂದು ಪಾಠದ ಅನುಭವ

ತರಗತಿ: 9. ವಿಷಯ: ಮೌಲ್ಯಶಿಕ್ಷಣ. ಅವಧಿ: 40 ನಿಮಿಷ.

ಉದ್ದೇಶ: ಸಶಸ್ತ್ರ ಹೋರಾಟ ಬಿಟ್ಟು ಬಂದವರು ಶಾಂತಿಗಾಗಿ ಮಾಡಬಲ್ಲ ಕೆಲಸವನ್ನು ವಿದ್ಯಾರ್ಥಿಗಳು ಉದಾಹರಣೆಯೊಂದಿಗೆ ವಿವರಿಸುವರು.

ಪೀಠಿಕೆ: ನಾನು ಗಣಿತ ವಿಭಾಗದ ಪ್ರಶಿಕ್ಷಣಾರ್ಥಿ. ಅಭ್ಯಾಸ ಬೋಧನೆಯಲ್ಲಿ ಈ ಅವಧಿ ನನ್ನ ಪಾಲಿಗೆ ಬಂತು. "ಕುತ್ಲೂರು ಗೊತ್ತಾ?" ಎಂದು ಆರಂಭಿಸಿದೆ. "ನಕ್ಸಲರ ಊರು ಟೀಚರ್" ಎಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಅದು ನನ್ನ ಅಜ್ಜಿ ಮನೆ" ಎಂದಳು. ತರಗತಿ ಸುಮ್ಮನಾಯಿತು. ಇಂಥ ಉತ್ತರ ಬರಬಹುದೆಂದು ನಾನು ಯೋಚಿಸಿರಲಿಲ್ಲ.

ಬೆಳವಣಿಗೆ: ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದೆ.

2003: ಕಾರ್ಕಳದ ಈದುವಿನಲ್ಲಿ ಪೊಲೀಸರ ಗುಂಡಿಗೆ ಪಾರ್ವತಿ, ಹಾಜಿಮಾ ಬಲಿ.
2005: ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರ ದಾಳಿಗೆ ಪೊಲೀಸರು ಬಲಿ.
2014: ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ. ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್ ಮೊದಲಾದವರ ಮಧ್ಯಸ್ಥಿಕೆ.
2024 ನವೆಂಬರ್: ಹೆಬ್ರಿಯ ಕಬ್ಬಿನಾಲೆ ಬಳಿ ಗುಂಡಿಗೆ ವಿಕ್ರಂ ಗೌಡ ಬಲಿ.
2025 ಜನವರಿ 8: ಮುಂಡಗಾರು ಲತಾ, ಕುತ್ಲೂರಿನ ಸುಂದರಿ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣು.

"ಕಾಡಿನಲ್ಲಿದ್ದವರು ಯಾರ ಮಾತು ನಂಬಿಯಾರು?" ಎಂದು ಕೇಳಿದೆ. "ಅವರಂತೆ ಇದ್ದವರ ಮಾತು" ಎಂಬ ಉತ್ತರ ಬಂತು. ಆಗ 2014ರಿಂದ 2025ಕ್ಕೆ ಒಂದು ಬಾಣ ಎಳೆದೆ. ಅಂದು ಹೊರಬಂದ ನೂರ್ ಶ್ರೀಧರ್, ಇಂದು 'ಶಾಂತಿಗಾಗಿ ನಾಗರಿಕ ವೇದಿಕೆ'ಯ ಪರವಾಗಿ ಮಾತುಕತೆಯಲ್ಲಿದ್ದರು. ಕೊಲಂಬಿಯಾದಲ್ಲೂ 2016ರ ಒಪ್ಪಂದದ ಬಳಿಕ ಕೆಲವು ಮಾಜಿ ಹೋರಾಟಗಾರರು ನೆಲಬಾಂಬ್ ತೆಗೆಯುವ ಕೆಲಸಕ್ಕಿಳಿದರು.

"ಹಾಗಾದರೆ ಶಿಕ್ಷೆಯೇ ಇಲ್ವಾ?" ಎಂದ ಇನ್ನೊಬ್ಬ. ಶರಣಾದವರು ನ್ಯಾಯಾಂಗ ಬಂಧನಕ್ಕೆ ಹೋದರು, ಮೊಕದ್ದಮೆಗಳನ್ನು ನ್ಯಾಯಾಲಯವೇ ತೀರ್ಮಾನಿಸಬೇಕು ಎಂದೆ. ಸತ್ತವರ ಮನೆಯವರ ನೋವನ್ನೂ ಮರೆಯಬಾರದು ಎಂದು ಸೇರಿಸಿದೆ.

ಮೌಲ್ಯಮಾಪನ: "ಶರಣಾದವರು ನಿಮ್ಮ ಊರಿಗೆ ಮರಳಿದರೆ ಊರು ಏನು ಮಾಡಬೇಕು?" ಎಂಬುದಕ್ಕೆ ಎರಡು ವಾಕ್ಯ ಬರೆಸಿದೆ. ಹಿಂದಿನ ಬೆಂಚಿನ ಹುಡುಗಿ ಬರೆದದ್ದು: "ಕೆಲಸ ಕೊಡಬೇಕು. ಊರಿಗೆ ಬೇರೆ ಹೆಸರು ಇಡಬಾರದು."

ಅವಲೋಕನ: "ಪ್ರಶ್ನೆ ಕೇಳುವ ಮೊದಲು ಅದು ಯಾವ ಮಗುವಿಗೆ ತಾಗುತ್ತದೆಂದು ನೋಡಬೇಕಿತ್ತು" ಎಂದರು ಮಾರ್ಗದರ್ಶಕರು. ಒಪ್ಪಿದೆ. ಹೋರಾಟ ಬಿಟ್ಟವರು ಶಾಂತಿಯ ಕೆಲಸಕ್ಕೆ ಬರಬೇಕಾದರೆ ಹಣೆಪಟ್ಟಿ ತೆಗೆಯುವ ಊರೂ ಬೇಕು. ಆ ಅಭ್ಯಾಸ ತರಗತಿಯಲ್ಲೇ ಆಗಬೇಕು. ಮುಂದಿನ ಸಲ ಈ ಪಾಠವನ್ನು ಊರಿನ ಹೆಸರಿನಿಂದಲ್ಲ, ಕಾಲರೇಖೆಯಿಂದ ಆರಂಭಿಸುತ್ತೇನೆ.