ಟೊಮ್ಯಾಟೊ ಮಡಿಯ ಪಕ್ಕದಲ್ಲಿ ಮೇವು ಬೇಡ



ಆಕಳು ಜೊಲ್ಲು ಸುರಿಸುತ್ತಿದೆ, ಮೈ ನಡುಗುತ್ತಿದೆ, ಉಸಿರಾಡಲು ಕಷ್ಟಪಡುತ್ತಿದೆ ಎಂದು ಕರೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ: ಮೇವು ಎಲ್ಲಿ ಕೊಯ್ದಿರಿ, ಅದರ ಪಕ್ಕದ ಬೆಳೆಗೆ ಔಷಧಿ ಹೊಡೆದು ಎಷ್ಟು ದಿನವಾಯಿತು?

ನೀರು ಇರುವುದು ಒಂದೇ ಕಡೆ. ಹಾಗಾಗಿ ಕೊಟ್ಟಿಗೆಯ ಹಿಂದೆ ನಾಲ್ಕು ಸಾಲು ಟೊಮ್ಯಾಟೊ, ಅದಕ್ಕೆ ಅಂಟಿಕೊಂಡೇ ಎರಡು ಗುಂಟೆ ಗೋವಿನಜೋಳದ ಮೇವು. ಗದಗ-ಬೆಟಗೇರಿಯಲ್ಲಿರಲಿ, ಮುಂಡರಗಿಯಲ್ಲಿರಲಿ, ಈ ಜೋಡಿ ಒಳ್ಳೆಯದಲ್ಲ. ನಿಮ್ಮ ಕಡಲೆ, ತೊಗರಿಯನ್ನು ಕಾಡುವ ಕಾಯಿಕೊರಕ ಹುಳುವೇ ಗೋವಿನಜೋಳದ ತೆನೆಯನ್ನೂ ಟೊಮ್ಯಾಟೊ ಕಾಯಿಯನ್ನೂ ಕೊರೆಯುತ್ತದೆ. ಅದರ ಪತಂಗ ದೂರ ಹಾರಬಲ್ಲದು, ಪೂರ್ತಿ ತಡೆಯಲಾಗದು. ಆದರೆ ಒತ್ತಿ ಹಾಕಿದರೆ ಹುಳುವಿಗೆ ಊಟ ಬಡಿಸಿಟ್ಟಂತೆ. ಹುಳು ಹೆಚ್ಚಿದಷ್ಟೂ ಸಿಂಪಡಣೆ ಹೆಚ್ಚು, ಆ ಹನಿ ಬೀಳುವುದು ಮೇವಿನ ಮೇಲೆ.

ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಎಷ್ಟು ಜೋರು ಬೀಸುತ್ತದೆ ಎಂದು ಕಪ್ಪತಗುಡ್ಡದ ಸೆರಗಿನವರಿಗೆ ಹೇಳಬೇಕಿಲ್ಲ. ಆಗ ಮೇವು ಟೊಮ್ಯಾಟೊದ ಪಶ್ಚಿಮಕ್ಕಿದ್ದರೆ ವಾಸಿ. ಹಿಂಗಾರಿನಲ್ಲಿ ಗಾಳಿ ತಿರುಗುತ್ತದೆ. ಆದ್ದರಿಂದ ದಿಕ್ಕನ್ನಷ್ಟೇ ನಂಬದೆ ನಡುವೆ ಬೇರೆ ಬೆಳೆಯ ಅಂತರ ಬಿಡಿ. ಸಿಂಪಡಿಸಿದ ದಿನ ಆ ಬದುವಿನ ಹುಲ್ಲನ್ನೂ ಕೊಯ್ಯಬೇಡಿ. ಎಷ್ಟು ದಿನ ಕಾಯಬೇಕೆಂದು ಬಾಟಲಿಯ ಚೀಟಿಯಲ್ಲಿ ನೋಡಿ. ಹಾಲಿಗೆ ಇಳಿದ ಕೀಟನಾಶಕ ಕಾಯಿಸಿದ ಮಾತ್ರಕ್ಕೆ ಹೋಗುತ್ತದೆಂದು ತಿಳಿಯಬೇಡಿ.

ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಟೊಮ್ಯಾಟೊದ ದಾಯಾದಿಗಳು. ಸೊರಗು ರೋಗ ಇವಕ್ಕೆಲ್ಲ ಒಂದೇ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯವರು ಮೆಣಸಿನಕಾಯಿ ಕಿತ್ತ ಮಡಿಗೇ ಟೊಮ್ಯಾಟೊ ಸಸಿ ಹಚ್ಚಬೇಡಿ.

ಕಾಂಗ್ರೆಸ್ ಕಸವನ್ನಂತೂ ಹೂ ಬಿಡುವ ಮುಂಚೆ ಕಿತ್ತುಹಾಕಿ. ಎಲೆ ಮುಟುರು ರೋಗ ಹರಡುವ ಬಿಳಿ ನೊಣಕ್ಕೆ ಅದು ತವರುಮನೆ. ಮೇವಿನೊಂದಿಗೆ ದನದ ಹೊಟ್ಟೆಗೆ ಹೋದರೆ ಹಾಲು ಕಹಿಯಾಗುತ್ತದೆ. ಕೈಗೆ ಚೀಲ ಸುತ್ತಿಕೊಳ್ಳದೆ ಕೀಳಬೇಡಿ, ತುರಿಕೆ ಬರುತ್ತದೆ.

ಪಕ್ಕದಲ್ಲಿ ಇರಬೇಕಾದ್ದು ಚೆಂಡುಹೂ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂ ಹೇಳುತ್ತಾರೆ. ಟೊಮ್ಯಾಟೊ ಸಸಿ 25 ದಿನದ್ದಿದ್ದರೆ ಚೆಂಡುಹೂ 45 ದಿನದ್ದಿರಲಿ. ಎರಡೂ ಒಟ್ಟಿಗೆ ಹೂ ಬಿಡಬೇಕು. ಪತಂಗ ಹೂವಿನ ಮೇಲೆ ಮೊಟ್ಟೆ ಇಡುತ್ತದೆ, ನಿಮ್ಮ ಒಂದೆರಡು ಸಿಂಪಡಣೆ ಉಳಿಯುತ್ತದೆ. ಹಿತ್ತಲಿಗೆ ಅಂಚಿನಲ್ಲಿ ಒಂದು ಸಾಲು ಸಾಕು.

ಬೆಳೆ ಮುಗಿದ ಮೇಲೆ ಕಿತ್ತ ಟೊಮ್ಯಾಟೊ ಗಿಡವನ್ನು ದನದ ಮುಂದೆ ಎಸೆಯಬೇಡಿ. ಹಣ್ಣು ನಾಲ್ಕು ತಿಂದರೆ ಏನೂ ಆಗದು. ಹಸಿರು ಎಲೆ, ಕಾಂಡದಲ್ಲಿ ವಿಷಾಂಶವಿದೆ.

ಇಷ್ಟಾದರೂ ದನ ನಡುಗಲು ಶುರುಮಾಡಿದರೆ ಗೊಟ್ಟ ಹಿಡಿದು ಎಣ್ಣೆ, ಮಜ್ಜಿಗೆ ಏನನ್ನೂ ಕುಡಿಸಬೇಡಿ, ಅದು ಪುಪ್ಪುಸಕ್ಕೆ ಇಳಿಯುತ್ತದೆ. ಮೇವು ತೆಗೆದು ತಕ್ಷಣ ಕರೆ ಮಾಡಿ. ಔಷಧಿಯ ಖಾಲಿ ಬಾಟಲಿ ಎಸೆದಿದ್ದರೆ ಹುಡುಕಿ ಇಟ್ಟುಕೊಳ್ಳಿ. ಯಾವ ವಿಷ ಎಂದು ತಿಳಿದರೆ ಯಾವ ಚುಚ್ಚುಮದ್ದು ಎಂಬುದು ನನಗೆ ಕೂಡಲೇ ಗೊತ್ತಾಗುತ್ತದೆ.