ಜಡ್ಡಿಯ ಮರ ನೆಡುವವರಿಗೆ

ವರದಹಳ್ಳಿ ಕಡೆ ತೋಟದ ತಲೆಗೆ ಹಳ್ಳವಿರುವ ಕೆಲವರಿಗೆ ಅಪರೂಪದ ಮರಗಳನ್ನು ಕೂಡಿಸುವ ಹುಚ್ಚು. ಒಬ್ಬರು ಡಾನ್ ರೆಡ್‌ವುಡ್ ಬೇಕೆಂದರು. 1941ರಲ್ಲಿ ಪಳೆಯುಳಿಕೆಯಿಂದ ಹೆಸರು ಪಡೆದು, ಆಮೇಲೆ ಚೀನಾದಲ್ಲಿ ಜೀವಂತ ಸಿಕ್ಕ ಮರವದು. ಅದಕ್ಕೆ ಚಳಿಗಾಲ ಬೇಕು, ನಮ್ಮಲ್ಲಿ ಎಲ್ಲಿಂದ ತರುವುದು? ಅಂಥ ಹಳಬರು ನಮ್ಮ ರಾಂಪತ್ರೆ ಜಡ್ಡಿಗಳಲ್ಲೇ, ಅಂದರೆ ಹಳ್ಳದ ಬದಿಯ ಕೆಸರುಕಾಡುಗಳಲ್ಲೇ ಇದ್ದಾರೆ.

1. ಮೊದಲು ನೀರು ನೋಡಿ. ಏಪ್ರಿಲ್ ಕೊನೆಗೆ ಹಳ್ಳದ ಬದಿ ಹಿಮ್ಮಡಿ ಒತ್ತಿದಾಗ ಗುಳಿಯಲ್ಲಿ ನೀರು ಒಸರಬೇಕು. ಜಡ್ಡಿಗೆ ನಿಂತು ಕೊಳೆಯುವ ನೀರು ಆಗದು, ನಿಧಾನಕ್ಕೆ ಹರಿಯುತ್ತಿರಬೇಕು. ಮೇಲಿನ ಸೊಪ್ಪಿನ ಬೆಟ್ಟ ಬೋಳಾಗಿದ್ದರೆ, ಅಥವಾ ಹಳ್ಳವನ್ನೇ ಬಸಿಗಾಲುವೆ ಹೊಡೆದು ತೋಟಕ್ಕೆ ತಿರುಗಿಸಿದ್ದರೆ, ಸಸಿ ತರುವ ಖರ್ಚು ಉಳಿಸಿ.

2. ಜಾತಿ ತಿಳಿದು ನೆಡಿ. ಪೇಟೆಗೆ ಹೋಗುವ ರಾಂಪತ್ರೆಗೆ ಕೆಸರೇ ಬೇಕೆಂದಿಲ್ಲ, ತಂಪು ಕಾಡಿನ ಇಳಿಜಾರೂ ಸಾಕು. ಕೆಸರಿಗೆ ಒಗ್ಗಿದ್ದು ಅದರ ದಾಯಾದಿಗಳು: ಮಿರಿಸ್ಟಿಕಾ ಮ್ಯಾಗ್ನಿಫಿಕಾ ಬುಡದಿಂದ ಊರುಗೋಲಿನಂಥ ಬೇರು ಇಳಿಸುತ್ತದೆ. ಜಿಮ್ನಾಕ್ರಾಂಥೆರಾ ಕನಾರಿಕಾದ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲಿನ ಹಾಗೆ ಮಡಿಚಿ, ಮತ್ತೆ ಒಳಗಿಳಿಯುತ್ತದೆ. ಕೆಸರಲ್ಲಿ ಗಾಳಿಯಿಲ್ಲ, ಉಸಿರಾಟಕ್ಕೆ ಅದೇ ದಾರಿ. ಆ ಬೇರಿನ ಮೇಲೆ ಮಣ್ಣೇರಿಸಬೇಡಿ.

3. ಬೀಜ ಕೂಡಿಡುವ ಬೀಜವಲ್ಲ. ಕಾಯಿ ಒಡೆದು ಕೆಂಪು ಪತ್ರೆ ಕಂಡ ಕೂಡಲೇ ಮಂಗಟ್ಟೆ ಹಕ್ಕಿ ಹಾಜರು, ಕೆಳಗೆ ಬಿದ್ದದ್ದಕ್ಕೆ ಏಡಿ. ಸಿಕ್ಕದ್ದನ್ನು ಪತ್ರೆ ಬಿಡಿಸಿ ಅಂದೇ ಕೊಟ್ಟೆಗೆ ಹಾಕಿ. ಬಿಸಿಲಿಗೆ ಒಣಗಿಸಿದರೆ ಮುಗಿಯಿತು. ಮೊಳಕೆ ವಾರಗಟ್ಟಲೆ ತಡವಾದೀತು, ಕೊಟ್ಟೆ ಕಿತ್ತು ನೋಡುವ ಚಾಳಿ ಬೇಡ.

4. ನೆರಳು. ಬಯಲಲ್ಲಿ ನೆಟ್ಟರೆ ಎಲೆ ಸುಡುತ್ತದೆ.

5. ಒಂಟಿ ಮರ ನೆಟ್ಟು ಕಾಯಿ ಕೇಳಬೇಡಿ. ಗಂಡು ಬೇರೆ, ಹೆಣ್ಣು ಬೇರೆ. ಹೂ ಬರುವವರೆಗೆ ಯಾವುದು ಯಾವುದೆಂದು ಹೇಳಲಾಗದು. ಗುಂಪಾಗಿ ನೆಡಿ.

6. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ನೆಂಟನಿಗೆ ಸಿದ್ದಾಪುರದ ಕತ್ತಲೆಕಾನಿನ ಹೆಸರಿಟ್ಟದ್ದು 2000ದಲ್ಲಷ್ಟೆ. ಬೆಳೆದ ಮರಗಳು ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಉಳಿದಿವೆ. ಕಾಡಿನಿಂದ ಅದರ ಸಸಿ ಕಿತ್ತು ತರುವವರ ಮೇಲೆ ನನಗೆ ಸಿಟ್ಟಿದೆ, ಮರಪ್ರೇಮದ ಹೆಸರಲ್ಲಿ ಮಾಡಿದರಂತೂ ಇನ್ನೂ ಹೆಚ್ಚು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಬೀಜದಿಂದ ಸಸಿ ಎಬ್ಬಿಸಿ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. ಮೊದಲು ಅವರನ್ನು ಕೇಳಿ.

7. ಯಾವ ಜಡ್ಡಿಯ ಯಾವ ತಾಯಿಮರದ ಬೀಜವೆಂದು ಪುಸ್ತಕದಲ್ಲಿ ಬರೆದಿಡಿ. ತಗಡಿನ ಚೀಟಿ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ.