ಗೊಂಬೆ ಹಬ್ಬಕ್ಕೆ ರೈಲು ನಿಲ್ದಾಣ

ಅಕ್ಕಂದಿರೇ, ಓಣಿಯಲ್ಲಿ ದಸರಾ ಗೊಂಬೆ ಪಂದ್ಯ ಇದೆಯಾ? ಗೊಂಬೆಗಳ ಮುಂದೆ ರೈಲು ನಿಲ್ದಾಣ ಮಾಡೋಣ.

ಹಬ್ಬಕ್ಕೆ ಎಂಟು ದಿನ ಮೊದಲೇ ತಟ್ಟೆಗೆ ಮಣ್ಣು ತುಂಬಿ. ರಾಗಿ ಚೆಲ್ಲಿ, ನೀರು ಚಿಮುಕಿಸಿ. ಹಸಿರು ಹೊಲ ಆಗುತ್ತೆ.

ಹಳಿಗೆ ಪೊರಕೆ ಕಡ್ಡಿ ಸಾಕು. ಬ್ರಾಡ್‌ಗೇಜ್ ರೈಲಿನ ಹಳಿಗಳ ನಡುವೆ 5 ಅಡಿ 6 ಅಂಗುಲ ಇರುತ್ತೆ. ಅಂದ್ರೆ 66 ಅಂಗುಲ. ನಾವು 1 ಅಂಗುಲ ಬಿಡೋಣ. ಹಾಗಾದ್ರೆ 5 ಅಡಿ 6 ಅಂಗುಲದ ಆಳು ಎಷ್ಟು ಎತ್ತರ? ಅವನೂ 1 ಅಂಗುಲ! ದೊಡ್ಡ ಗೊಂಬೆ ಇಟ್ಟರೆ ರೈಲು ಇಲಿಯ ಹಾಗೆ ಕಾಣುತ್ತೆ.

ಊರಿನ ಹಲಗೆ ಹಳದಿ, ಅಕ್ಷರ ಕಪ್ಪು. ‘ಮದ್ದೂರು’ ಅಂತ ನೀವೇ ಬರೀರಿ, ಮಕ್ಕಳಿಗೆ ಬಿಡಬೇಡಿ. (ವಡೆ ನೆನಪಾಯ್ತಾ?) ‘ದ’ಕ್ಕೆ ಒತ್ತು ಬೇಕು, ದೀರ್ಘವೂ ಬೇಕು. ರೈಲಿನಲ್ಲಿ ‘ಯಾವೂರು ಬಂತಣ್ಣ?’ ಅಂತ ಎಷ್ಟು ಸಲ ಕೇಳಿದ್ದೀವಿ! ಈಗ ಬಂದವರು ನಿಮ್ಮ ಹಲಗೆ ಓದಲಿ.